ಉಪಾಧ್ಯಕ್ಷರ ನಡುವೆ ಸತ್ತ ಮದರ್‌ಬೋರ್ಡ್

೧. ಸಾವು

ಒಬ್ಬ ಉಪಾಧ್ಯಕ್ಷರನ್ನು ಇನ್ನೊಬ್ಬ ಉಪಾಧ್ಯಕ್ಷರ ಮೇಲೆ ಹತ್ತಿಸುತ್ತಿದ್ದಾಗ ನಮ್ಮ ಮನೆಯ ಕಂಪ್ಯೂಟರ್ ಸತ್ತಿತು.

ಟಪ್ ಎಂದು ಒಂದು ಶಬ್ದ. ಸ್ವಲ್ಪ ಸುಟ್ಟ ವಾಸನೆ. ಪರದೆ ಕಪ್ಪು.

ಕಂಪ್ಯೂಟರ್ ನನ್ನ ಹೆಂಡತಿಯದು. ತೆಕ್ಕಟ್ಟೆಯ ನಮ್ಮ ಮನೆಯ ಜಗಲಿಯೇ ಅವಳ ಟೈಪಿಂಗ್ ಅಂಗಡಿ. ಮದುವೆ ಕಾಗದ, ಗೃಹಪ್ರವೇಶ, ಉತ್ತರಕ್ರಿಯೆ, ಏನಿದ್ದರೂ ಟೈಪ್ ಮಾಡಿ ಅಚ್ಚು ಹಾಕಿಸಿ ಕೊಡುತ್ತಾಳೆ. ನಾನು ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದವ. ಈಗ ಜಗಲಿಯ ಇನ್ನೊಂದು ತುದಿಯಲ್ಲಿ ಕುಳಿತು ಪೇಪರ್ ಓದುತ್ತೇನೆ. ಕೇಳಿದರೆ ಮಾತ್ರ ಮಾತಾಡುತ್ತೇನೆ.

ಆ ದಿನ ಅವಳ ಕೈಯಲ್ಲಿದ್ದದ್ದು ಊರಿನ ಶಾಲೆಯ ಶತಮಾನೋತ್ಸವದ ಆಮಂತ್ರಣ. ಶಾಲೆಯಲ್ಲಿರುವ ಮಕ್ಕಳಿಗಿಂತ ಸಮಿತಿಯಲ್ಲಿರುವ ಉಪಾಧ್ಯಕ್ಷರು ಹೆಚ್ಚು. ಯಾರ ಹೆಸರಿನ ಮೇಲೆ ಯಾರ ಹೆಸರು ಎಂದು ಸಮಿತಿಯವರು ಮಳೆಗಾಲವಿಡೀ ಜಗಳ ಮಾಡಿದ್ದರು. ಜಾಗ ಕೊಟ್ಟವರ ಮೊಮ್ಮಗ ಮೇಲೋ, ಮುಂಬೈಯಲ್ಲಿ ಹೋಟೆಲ್ ಇಟ್ಟು ದುಡ್ಡು ಕೊಟ್ಟವರು ಮೇಲೋ, ಇದು ತೀರ್ಮಾನವಾಗುವಾಗ ದೀಪಾವಳಿ ಕಳೆದಿತ್ತು. ಅಂತೂ ಎಲ್ಲರೂ ಒಪ್ಪಿದ ಪಟ್ಟಿ ಒಂದೇ ಕಡೆ ಇತ್ತು. ಅದು ಸತ್ತ ಕಂಪ್ಯೂಟರಿನ ಒಳಗೆ. ಹಳೆಯ ಪ್ರತಿಗಳು ಪ್ರತಿಯೊಬ್ಬರ ಮನೆಯಲ್ಲೂ ಇದ್ದವು. ಪ್ರತಿಯೊಂದರಲ್ಲೂ ಅವರವರ ಹೆಸರೇ ಮೇಲಿತ್ತು.

ಸಮಿತಿಯ ಕಾರ್ಯದರ್ಶಿ ಹೆಂಡತಿಯ ಕುರ್ಚಿಯ ಹಿಂದೆಯೇ ನಿಂತಿದ್ದ. "ಅಕ್ಕ, ನಾನ್ ಎಂತದೂ ಮುಟ್ಲಿಲ್ಲೆ" ಎಂದ. ಯಾರೂ ಕೇಳಿರಲಿಲ್ಲ.

ಆಮೇಲೆ ಅಂಗಳಕ್ಕಿಳಿದು ಅಧ್ಯಕ್ಷರಿಗೆ ಫೋನ್ ಮಾಡಿದ. ಹೀಗೆ ಹೀಗೆ, ಪಟ್ಟಿ ಟೈಪ್ ಮಾಡುತ್ತಿದ್ದಾಗಲೇ ಕಂಪ್ಯೂಟರ್ ಹೋಯಿತು ಎಂದು ವಿವರಿಸಿದ. ಆ ಕಡೆಯಿಂದ ಬಂದ ಮಾತು ಜಗಲಿಗೂ ಕೇಳಿತು.

"ನನ್ ಹೆಸ್ರ್ ಹಾಕಿ ಆದ್ಮೇಲೆ ಸತ್ತದ್ದಾ, ಮೊದ್ಲಾ?"

೨. ಕವರ್

ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ವಿಷಯ ಹೇಳಿದಳು. ಕುಂದಾಪುರದ ಬಣ್ಣದ ಪ್ರೆಸ್ಸಿನವರು ಈ ಕೆಲಸಕ್ಕೆ ಆಗಲೇ ಕಾರ್ಯದರ್ಶಿಯ ಬೆನ್ನು ಹತ್ತಿದ್ದಾರೆ. ಇದು ಕೈತಪ್ಪಿದರೆ ಮದುವೆ ಕಾಗದದವರೂ ಅವರ ಹಿಂದೆಯೇ ಹೋಗುತ್ತಾರೆ. ಕೆಲಸ ಕೊಟ್ಟು ಸಿಕ್ಕಿಬಿದ್ದ ಗಿರಾಕಿ ಆ ಅಂಗಡಿಗೆ ಮತ್ತೆ ಬರುವುದಿಲ್ಲ.

ನಾನು ಹೊಸದು ತೆಗೆದುಕೊಡಲೇ ಎಂದೆ.

"ನಿಮ್ ದುಡ್ಡ್ ಬ್ಯಾಡ. ಅಂಗ್ಡಿ ದುಡ್ಡಲ್ಲೇ ಆಯ್ಕ್. ಆತ್ತಿಲ್ಲೆ ಅಂದ್ರೆ ಅಂಗ್ಡಿ ಮುಚ್ಚುದೇ" ಎಂದಳು.

ಅಂಗಡಿ ದುಡ್ಡು ಇರುವುದು ಬಿಸ್ಕೆಟ್ ಡಬ್ಬಿಯಲ್ಲಿ. ಡಬ್ಬಿ ಸಣ್ಣದು.

ಮರುದಿನ ಕಂಪ್ಯೂಟರಿನ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಕುಂದಾಪುರಕ್ಕೆ ಒಯ್ದೆ. ರಿಪೇರಿಯವನು ಮುಚ್ಚಳ ತೆಗೆದು, ಊದಿ, ಟಾರ್ಚು ಬಿಟ್ಟು ನೋಡಿದ. ಒಳಗೆ ಸಣ್ಣ ಡಬ್ಬಿಗಳಂಥವು ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದವು. ಒಂದು ಒಡೆದಿತ್ತು. ಮದರ್‌ಬೋರ್ಡ್ ಹೋಗಿದೆ ಎಂದ. ಡಿಸ್ಕ್ ಸರಿ ಇದೆ, ಅದರಲ್ಲಿದ್ದದ್ದು ಎಲ್ಲಿಗೂ ಹೋಗಿಲ್ಲ ಎಂದ. ಆ ಮಾತು ಒಳ್ಳೆಯದಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು.

ಈ ನಮೂನೆಯ ಬೋರ್ಡು ಈಗ ಬರುವುದಿಲ್ಲವಂತೆ. ಹೊಸ ಬೋರ್ಡು ಹಾಕಬೇಕು. ಹೊಸ ಬೋರ್ಡಿಗೆ ಹಳೆಯ ಪ್ರೊಸೆಸರ್ ಕೂರುವುದಿಲ್ಲ, ಅದೂ ಹೊಸದು. ಹಳೆಯ ರ‍್ಯಾಮ್ ಕೂರುವುದಿಲ್ಲ, ಅದೂ ಹೊಸದು. ಹಳೆಯ ಪವರ್ ಸಪ್ಲೈ ಸಾಲುವುದಿಲ್ಲ. ಹಳೆಯ ಪ್ರಿಂಟರಿನ ವಯರು ಚುಚ್ಚಲು ಹೊಸ ಬೋರ್ಡಿನಲ್ಲಿ ಜಾಗವೇ ಇಲ್ಲ. ಇಷ್ಟೆಲ್ಲ ಹಾಕಿದ ಮೇಲೆ ಹಳೆಯ ಪೆಟ್ಟಿಗೆ ಚೆಂದ ಕಾಣುವುದಿಲ್ಲ.

ನಮ್ಮ ಬಸ್ಸುಗಳಲ್ಲಿ ಟಯರು ಹೋದರೆ ಟಯರು ಹಾಕುತ್ತಿದ್ದೆವು. ಟಯರಿಗೋಸ್ಕರ ಬಸ್ಸು ಬದಲಿಸಿದ್ದು ನಾನು ಕಂಡಿಲ್ಲ.

"ಹಾಂಗಾರೆ ಹಳೇದ್ ಎಂತ ಉಳಿತ್ತ್?" ಎಂದು ಕೇಳಿದೆ.

ಅವನು ಸುತ್ತಲೂ ನೋಡಿದ. ಪೆಟ್ಟಿಗೆಯ ಮೇಲೆ ಹೆಂಡತಿ ಹೊಲಿದು ಹೊದಿಸಿದ್ದ ಹೂವಿನ ಬಟ್ಟೆ ಮೇಜಿನ ಮೇಲಿತ್ತು.

"ಕವರ್" ಎಂದ.

೩. ನೋಡಲು ಬಂದವರು

ಪೆಟ್ಟಿಗೆಯನ್ನು ಹಾಗೆಯೇ ವಾಪಸು ತಂದೆ. ಸುದ್ದಿ ಹಬ್ಬಿತು. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಎಂದರೆ ನೋಡಲು ಹೋಗದೆ ಇರುವುದು ಮರ್ಯಾದೆಯಲ್ಲ. ಕಂಪ್ಯೂಟರಿಗೂ ಆ ಮರ್ಯಾದೆ ಸಿಕ್ಕಿತು.

ಪಕ್ಕದ ಮನೆಯವರು ಬಾಳೆಹಣ್ಣು ತಂದರು. ಅಭ್ಯಾಸಬಲ. ತಂದ ಮೇಲೆ ಯಾರ ಕೈಗೆ ಕೊಡುವುದೆಂದು ಗೊತ್ತಾಗದೆ ಕೀಬೋರ್ಡಿನ ಪಕ್ಕ ಇಟ್ಟರು. ಕಿರಿಮಂಜೇಶ್ವರದಿಂದ ಹೆಂಡತಿಯ ಅಕ್ಕ ಬಸ್ಸು ಹತ್ತಿ ಬಂದರು. ಪೆಟ್ಟಿಗೆ ತೆರೆದಿದ್ದದ್ದನ್ನು ಕಂಡು ಒಂದು ಗಳಿಗೆ ಬಾಗಿಲಲ್ಲೇ ನಿಂತರು. ದೃಷ್ಟಿ ಆಗಿದೆ ಎಂದರು. ಇಷ್ಟು ಜನ ದೊಡ್ಡವರ ಹೆಸರು ಒಂದೇ ಕಡೆ ಹಾಕಿದರೆ ಯಾವ ಯಂತ್ರ ತಡೆಯುತ್ತದೆ ಎಂದು ಕೇಳಿದರು. ಈ ಒಂದು ಮಾತನ್ನು ನಾನು ಒಪ್ಪಿದೆ.

ಆಮೇಲೆ ಎಷ್ಟು ವರ್ಷವಾಗಿತ್ತು ಎಂದು ವಿಚಾರಿಸಿದರು. ಹದಿನಾರು ಎಂದೆ.

ಅವರು ಸೆರಗಿನಿಂದ ಕಣ್ಣೊರಸಿಕೊಂಡು, "ಸಾಯು ಪ್ರಾಯ ಅಲ್ಲ" ಎಂದರು.

೪. ಓದಲು ಬಾರದ ಪಟ್ಟಿ

ಡಿಸ್ಕ್ ಸರಿ ಇದೆ ಎಂಬ ಸುದ್ದಿ ಕಾರ್ಯದರ್ಶಿಗೆ ತಲುಪಿತು. ಹಾಗಾದರೆ ಬೋರ್ಡು ಯಾಕೆ, ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಆಯಿತಲ್ಲ ಎಂದು ಅವನು ಡಿಸ್ಕ್ ಬಿಚ್ಚಿಸಿಕೊಂಡು ಹೊರಟ. ಹೆಂಡತಿ ಆಗುವುದಿಲ್ಲ ಎಂದಳು. ಅವಳು ಬಳಸುವ ಅಕ್ಷರವೂ ಪುಟ ಕಟ್ಟುವ ಸಾಫ್ಟ್‌ವೇರೂ ಹಳೆಯವು. ಹೊಸ ಕಂಪ್ಯೂಟರಿಗೆ ಅವು ಓದಲು ಬರುವುದಿಲ್ಲ. ಹಳೆಯ ಕಂಪ್ಯೂಟರೇ ಮತ್ತೆ ಎದ್ದು ಕೂರಬೇಕು.

ಕಾರ್ಯದರ್ಶಿ ಕೇಳಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ತೆರೆಸಿದ. ಪಟ್ಟಿ ಬಂತು. ಆದರೆ ಕನ್ನಡ ಬರಲಿಲ್ಲ. ಕೊಕ್ಕೆ, ಚುಕ್ಕೆ, ಚೌಕ, ಅಲ್ಲಲ್ಲಿ ಒಂದು ಡಾಲರಿನ ಗುರುತು. ಅದನ್ನೇ ಅಚ್ಚು ಮಾಡಿಸಿ ಸಮಿತಿಯ ಸಭೆಗೆ ಒಯ್ದ.

ಸಭೆಯಲ್ಲಿ ನಡೆದದ್ದನ್ನು ಅವನೇ ಬಂದು ಹೇಳಿದ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಮೊದಲ ಸಾಲು ತಮ್ಮದು ಎಂದು ಗುರುತಿಸಿದರು. ತಕರಾರು ಬರಲಿಲ್ಲ. ಆಮೇಲೆ ಉಳಿದವರು ಹುಡುಕತೊಡಗಿದರು. ಅತಿ ಉದ್ದದ ಸಾಲು ತನ್ನದು ಎಂದು ಮೂವರು ಉಪಾಧ್ಯಕ್ಷರು ಬೆರಳಿಟ್ಟರು. ಒಬ್ಬರು ತಮ್ಮ ಹೆಸರಿನ ಮೇಲಿನ ಸಾಲಿನಲ್ಲಿ ಎರಡು ಡಾಲರು ಇರುವುದನ್ನು ತೋರಿಸಿ, ಇದು ಮುಂಬೈಯವರೇ, ಅವರನ್ನು ಮೇಲೆ ಹಾಕಿದ್ದು ಯಾರನ್ನು ಕೇಳಿ ಎಂದರು. ಮುಂಬೈಯವರಿಗೆ ವಾಟ್ಸಾಪಿನಲ್ಲಿ ಕಳಿಸಿದರು. ಅವರು ಅಲ್ಲಿಂದಲೇ ನೋಡಿ, ಎಲ್ಲ ಸರಿ ಇದೆ, ತಂದೆಯ ಹೆಸರು ಮಾತ್ರ ಬಿಟ್ಟುಹೋಗಿದೆ ಎಂದು ಉತ್ತರ ಕೊಟ್ಟರು.

ಹೆಂಡತಿ ಕೇಳಿದಳು, "ಕಡೆಗ್ ಎಂತ ಆಯ್ತ್?"

ಕಾರ್ಯದರ್ಶಿ ಚೀಲದಿಂದ ಡಿಸ್ಕನ್ನೂ ಒಂದು ಕಾಗದವನ್ನೂ ತೆಗೆದು ಕೊಟ್ಟ. ಯಾರಿಗೂ ಓದಲು ಬಾರದ ಆ ಪಟ್ಟಿಗೆ ಕೆಂಪು ಪೆನ್ನಿನಲ್ಲಿ ತಿದ್ದುಪಡಿ ಹಾಕಿದ್ದರು. ಕೆಳಗೆ ಸರ್ವಾನುಮತದ ಅಂಗೀಕಾರವೂ ಇತ್ತು.

೫. ಯಡ್ತರೆಯ ಕೋಳಿ

ಹಳೆಯ ಬೋರ್ಡು ಹುಡುಕುವುದೇ ಉಳಿದ ದಾರಿ. ಹೆಂಡತಿಯ ಚಿಕ್ಕಪ್ಪನ ಮಗ ಬೈಂದೂರು ಬಳಿಯ ಯಡ್ತರೆಯಲ್ಲಿದ್ದಾನೆ. ನನಗೆ ಭಾವ. ಇವನೂ ಮೊದಲು ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದವ. ಹೋಟೆಲ್ ಬಿಟ್ಟು ಬರುವಾಗ ಬಿಲ್ಲು ಹಾಕುವ ಕಂಪ್ಯೂಟರನ್ನೂ ತಂದಿದ್ದ. ಅದೂ ಇದೂ ಒಂದೇ ಕಂಪನಿ, ಒಂದೇ ಕಾಲದ್ದು. ಫೋನ್ ಮಾಡಿದಾಗ, ಅದು ಕೆಟ್ಟದ್ದಲ್ಲ, ಸುಮ್ಮನೆ ಇಟ್ಟದ್ದು, ಈಗಲೂ ಕೆಲಸ ಮಾಡುತ್ತದೆ, ಬಂದು ಒಯ್ಯಿರಿ ಎಂದ.

ಬೈಂದೂರು ಬಸ್ಸು ಹತ್ತಿದೆ.

ನೆಂಟರ ಮನೆಗೆ ಹೋಗಿ ಬಂದ ಕೆಲಸವನ್ನು ಮೊದಲೇ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಕೈಕಾಲು ತೊಳೆದು, ಬೆಲ್ಲ ನೀರು ಕುಡಿದು, ಊರಿನ ಸುದ್ದಿ ಕೇಳಿ, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡ ಮೇಲೆ ಹೇಳಬೇಕು. ಭಾವನ ಹೆಂಡತಿ ಕೋಳಿ ಸಾರು ಮಾಡಿದ್ದಳು. ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಹೊರಡುವ ಹೊತ್ತಿಗೆ, ಆ ಕಂಪ್ಯೂಟರ್ ಎಂದೆ.

ಭಾವ ಹಿತ್ತಲಿನ ಸೌದೆ ಕೊಟ್ಟಿಗೆಗೆ ಕರೆದುಕೊಂಡು ಹೋದ. ಮೂಲೆಯಲ್ಲಿ ಪೆಟ್ಟಿಗೆ ಅಡ್ಡ ಮಲಗಿತ್ತು. ಒಂದು ಬದಿಯ ಮುಚ್ಚಳ ತೆಗೆದಿತ್ತು. ಒಳಗೆ ಹುಲ್ಲು ಹಾಸಿತ್ತು. ಹುಲ್ಲಿನ ಮೇಲೆ ಒಂದು ಕೋಳಿ ಕಾವಿಗೆ ಕುಳಿತಿತ್ತು.

ಬೋರ್ಡು ಎಲ್ಲಿ ಎಂದೆ. ಕೋಳಿಯ ಅಡಿಯಲ್ಲಿ ಎಂದ.

ಹಿಂದಿನಿಂದ ಭಾವನ ಹೆಂಡತಿ ಬಂದಳು. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬಾರದು, ಮೊಟ್ಟೆ ಹಾಳಾಗುತ್ತದೆ ಎಂದಳು. ಭಾವ ಇಬ್ಬರ ಮುಖವನ್ನೂ ನೋಡಿದ. ಅವನು ಆ ಮನೆಯಲ್ಲಿ ಇರಬೇಕಾದವ.

"ಬೋರ್ಡ್ ನಿಮ್ದೇ ಭಾವ. ಕೋಳಿ ಎಬ್ಸುದ್ ಮಾತ್ರ ನೀವೇ ಆಯ್ಕ್" ಎಂದ.

ಕೈ ಹಾಕಿದೆ. ಅದರ ಒಡಹುಟ್ಟಿದವಳನ್ನು ನಾನು ಆಗಷ್ಟೇ ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ. ಅದಕ್ಕೆ ಗೊತ್ತಿತ್ತು ಎಂದು ಕಾಣುತ್ತದೆ. ಕೈಗೆ ಅರಿಸಿನ ಹಚ್ಚಿಸಿಕೊಂಡು, ಒಂದು ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿ ಹಿಡಿದು ವಾಪಸು ಬಸ್ಸು ಹತ್ತಿದೆ.

ಕೆಲವು ದಿನ ಬಿಟ್ಟು ಭಾವನ ಫೋನ್ ಬಂತು. ಹಿಕ್ಕೆ ಬಿದ್ದು ಬಿದ್ದು ಬೋರ್ಡು ತುಕ್ಕು ಹಿಡಿದು ಪುಡಿಯಾಗಿದೆಯಂತೆ. ಮೊಟ್ಟೆ ಮಾತ್ರ ಒಂದೂ ಹಾಳಾಗಲಿಲ್ಲವಂತೆ. ಎಲ್ಲ ಮರಿ ಆದವಂತೆ.

"ಕಂಪ್ಯೂಟರ್ ಕೆಲ್ಸ ಮಾಡತ್ತ್ ಅಂತ ನಾನ್ ಆಗ್ಳೇ ಹೇಳಿದ್ನಲೆ" ಎಂದ.

೬. ಬ್ರಹ್ಮಾವರದ ಸಂಬಂಧ

ಈ ನಡುವೆ ಕಾರ್ಯದರ್ಶಿ ದಿನಾ ಬಂದು ಜಗಲಿಯಲ್ಲಿ ಕುಳಿತು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ. ಬರುವ ಸೋಮವಾರದ ಒಳಗೆ ಆಗದಿದ್ದರೆ ಕೆಲಸವನ್ನು ಪ್ರೆಸ್ಸಿಗೆ ಕೊಡಬೇಕಾಗುತ್ತದೆ ಎಂದು ಕೊನೆಗೆ ಹೇಳಿದ. ಅಂದು ಸಂಜೆ ಹೆಂಡತಿ ಮೇಜಿನ ಡ್ರಾಯರ್ ಖಾಲಿ ಮಾಡಿ ಒರೆಸಿದಳು. ಅದು ನನಗೆ ಸರಿ ಕಾಣಲಿಲ್ಲ.

ಬ್ರಹ್ಮಾವರದಲ್ಲಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಯೊಂದಿದೆ ಎಂದು ನಮ್ಮ ಹಳೆಯ ಬಸ್ಸಿನ ಡ್ರೈವರ್ ಒಬ್ಬ ಹೇಳಿದ. ಶನಿವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಕಂಡಕ್ಟರ್ ಹೊಸಬ. ಇದಕ್ಕೂ ಟಿಕೆಟ್ ಎಂದ. ಇದು ಸತ್ತಿದೆ ಎಂದೆ. ಹೆಣಕ್ಕೆ ಫುಲ್ ಟಿಕೆಟ್ ಎಂದ. ತೆಗೆದುಕೊಂಡೆ. ನಿಯಮ ಹಾಗೇ ಇರಬೇಕು.

ಅಂಗಡಿಯವನು ನನ್ನ ಹಾಗೆಯೇ. ಮಾತು ಕಡಿಮೆ. ಪೆಟ್ಟಿಗೆಯೊಳಗೆ ನೋಡಿದ. ಒಳಗೆ ಹೋಗಿ ಅದೇ ನಮೂನೆಯ ಬೋರ್ಡು ತಂದ. ಬಾಗಿಲು ಹಾಕಿದ ಒಂದು ಸೈಬರ್ ಅಂಗಡಿಯದು, ಹಳೆಯ ಪ್ರೊಸೆಸರ್, ರ‍್ಯಾಮ್ ಎಲ್ಲ ಇದರ ಮೇಲೆ ಕೂರುತ್ತದೆ, ಪ್ರಿಂಟರಿಗೂ ಜಾಗ ಇದೆ ಎಂದ. ರೇಟು ಹೇಳಿದ. ಬಿಸ್ಕೆಟ್ ಡಬ್ಬಿಗೆ ಸರಿಯಾಗಿತ್ತು. ಆಯಿತು ಎಂದೆ. ಅಷ್ಟರಲ್ಲಿ ಮುಗಿಯಬೇಕಿತ್ತು.

ಅವನು ಸ್ಕ್ರೂ ಬಿಚ್ಚುತ್ತಾ, ಎಲ್ಲಾಯಿತು ಮನೆ ಎಂದು ಕೇಳಿದ.

ಇದು ನಮ್ಮ ಕಡೆಯ ಅಪಾಯದ ಪ್ರಶ್ನೆ. ಮನೆ ಎಲ್ಲಿ ಎಂದು ಹೇಳಿದರೆ ಯಾರ ಪೈಕಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೂ ಉತ್ತರ ಕೊಟ್ಟರೆ ಎಲ್ಲಿಯಾದರೂ ಒಂದು ಸಂಬಂಧ ಸಿಕ್ಕಿಯೇ ಸಿಗುತ್ತದೆ. ಸಂಬಂಧ ಸಿಕ್ಕಿದ ಮೇಲೆ ಚೌಕಾಸಿ ಮಾಡುವಂತಿಲ್ಲ. ನಾನು ಕೆಮ್ಮಿದೆ. ಹೆಂಡತಿ ತೆಕ್ಕಟ್ಟೆ ಎಂದಳು. ತವರು ಮನೆಯನ್ನೂ ಹೇಳಿದಳು. ಅಜ್ಜನ ಹೆಸರನ್ನೂ ಹೇಳಿದಳು.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಅವನ ತಮ್ಮನ ಹೆಂಡತಿ ನನ್ನ ಹೆಂಡತಿಯ ಸೋದರಮಾವನ ಕಡೆಯವಳು.

"ಹ್ವಾಯ್, ಮೊದ್ಲೇ ಹೇಳುಕಾಗ್ದಾ? ನಮ್ಮರಿಗೆ ಈ ಬೋರ್ಡ್ ಕೊಡುಕಾತ್ತಾ?" ಎಂದು ಅದನ್ನು ಬದಿಗೆ ಸರಿಸಿದ. ಒಳಗಿನಿಂದ ಇನ್ನೊಂದು ತಂದ. ಅದು ಒಳ್ಳೆಯದಂತೆ. ನೆಂಟರಿಗೆ ಮಾತ್ರ ಕೊಡುವುದಂತೆ. ರೇಟು ಒಂದೂವರೆ ಪಟ್ಟು.

ಹೆಂಡತಿ ಡಬ್ಬಿಯನ್ನು ಗಟ್ಟಿ ಹಿಡಿದು ನನ್ನ ಕಡೆ ನೋಡಿದಳು.

ನಾನು ಹೇಳಿದೆ, "ನಂಗ್ ಮೊದ್ಲಿನ ಬೋರ್ಡೇ ಸಾಕ್. ನಾನ್ ನಿಮ್ಮರಲ್ಲ."

"ಹಾಂಗಾರೆ ಇವ್ರ್ ಯಾರ್?"

"ಅವ್ಳ್ ನಿಮ್ಮರೇ. ನಾನ್ ಅದೇ ಬಸ್ಸಲ್ ಬಂದವ, ಅಷ್ಟೇ."

ಅವನಿಗೆ ವಾದದಲ್ಲಿ ತಪ್ಪು ಸಿಗಲಿಲ್ಲ. ಮೊದಲಿನ ಬೋರ್ಡನ್ನೇ ಮೊದಲಿನ ರೇಟಿಗೇ ಹಾಕಿಕೊಟ್ಟ. ಸ್ವಿಚ್ ಒತ್ತಿದ. ಕಂಪ್ಯೂಟರ್ ಒಂದು ಸಲ ಗೊರಕೆ ಹೊಡೆದು ಎದ್ದಿತು. ಹೆಂಡತಿ ಪಟ್ಟಿ ತೆರೆದಳು. ಉಪಾಧ್ಯಕ್ಷರೆಲ್ಲ ಬಿಟ್ಟಲ್ಲಿಯೇ ಇದ್ದರು. ಅವಳು ಸೆರಗಿನಿಂದ ಪರದೆ ಒರೆಸಿದಳು. ಪರದೆ ಅಂಗಡಿಯವನದು.

ಅವನು ಪಕ್ಕದ ಹೋಟೆಲಿಗೆ ಚಾ ಹೇಳಿದ. ಚಾ ಬಂತು. ಒಂದೇ ಲೋಟ. ಅವಳಿಗೆ.

೭. ದಿನ

ಭಾನುವಾರ ಕಾರ್ಯದರ್ಶಿ ಬಂದ. ಜೊತೆಗೆ ಒಂದು ಹೊಸ ಹೆಸರನ್ನೂ ತಂದ. ಕಂಪ್ಯೂಟರ್ ಮಲಗಿದ್ದಾಗ ಇನ್ನೊಬ್ಬರು ದಾನಿಗಳು ಸಿಕ್ಕಿದ್ದರು. ಅವರನ್ನೂ ಉಪಾಧ್ಯಕ್ಷರನ್ನಾಗಿ ಮಾಡಿ ಆಗಿತ್ತು.

ಪುಟದಲ್ಲಿ ಜಾಗ ಇಲ್ಲ ಎಂದಳು ಹೆಂಡತಿ. ಅಕ್ಷರ ಸಣ್ಣದು ಮಾಡಿ ಎಂದ. ಇನ್ನೂ ಸಣ್ಣದು ಮಾಡಿದರೆ ಇರುವೆಗಳೇ ಓದಬೇಕು ಎಂದಳು. ಹಾಗಾದರೆ ಒಂದು ಸಾಲು ತೆಗೆಯೋಣ ಎಂದು ಅವನು ಮೇಲಿನಿಂದ ಬೆರಳು ಇಳಿಸುತ್ತಾ ಬಂದ. ಒಂದೊಂದು ಸಾಲಿಗೂ ಒಬ್ಬೊಬ್ಬರು ಯಜಮಾನರಿದ್ದರು. ಕೆಳಗೆ ಬಂದು ಬೆರಳು ನಿಂತಿತು.

"ಇದ್ ಯಾರ ಹೆಸ್ರೂ ಅಲ್ಲ. ಇದ್ ತೆಗಿನಿ."

ಅದು ಕಾರ್ಯಕ್ರಮದ ದಿನ, ಹೊತ್ತು, ಸ್ಥಳ.

ಹೆಂಡತಿ ಆಗುವುದಿಲ್ಲ ಎಂದಳು. ದಿನ ಎಲ್ಲರಿಗೂ ಗೊತ್ತಿದೆ ಎಂದ ಅವನು. ಅವಳು ಒಪ್ಪದಿದ್ದಾಗ ಮೊಬೈಲಿನಲ್ಲಿ ಪುಟದ ಫೋಟೋ ತೆಗೆದು ಸಮಿತಿಗೆ ಕಳಿಸಿದ. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ಸರಿ ಇದೆ ಎಂದರು. ಹೆಂಡತಿ ಅವನಿಂದ ಪುಟದ ಮೇಲೆ ಸಹಿ ಹಾಕಿಸಿಕೊಂಡಳು. ಸೋಮವಾರ ಅಚ್ಚಿಗೆ ಹೋಯಿತು. ಮನೆ ಮನೆಗೆ ಹಂಚಿದರು.

ಮೂರನೇ ದಿನ ಹೆಂಡತಿಯ ಫೋನು ಹೊಡೆದುಕೊಳ್ಳಲು ಶುರುವಾಯಿತು. ಆಮಂತ್ರಣದ ಅಡಿಯಲ್ಲಿ ಸಣ್ಣದಾಗಿ ಅವಳ ಅಂಗಡಿಯ ನಂಬರಿತ್ತು. ಕಾರ್ಯಕ್ರಮ ಯಾವತ್ತು ಎಂದು ಎಲ್ಲರೂ ಕೇಳುವವರೇ. ಸಮಿತಿಯ ಹೊರಗೆ ಇದ್ದವರು ಮಾತ್ರ. ಸಮಿತಿಯ ಒಳಗೆ ಯಾರಿಗೂ ಏನೂ ಕೊರತೆ ಕಂಡಿರಲಿಲ್ಲ.

ತುರ್ತು ಸಭೆ ಸೇರಿತು. ದಿನ ಹಾಕಿದ ಒಂದು ಚೀಟಿ ಅಚ್ಚು ಮಾಡಿಸಿ, ಮತ್ತೆ ಮನೆ ಮನೆಗೆ ಹೋಗಿ ಆಮಂತ್ರಣದ ಮೇಲೆ ಅಂಟಿಸುವುದು ಎಂದು ತೀರ್ಮಾನವಾಯಿತು. ಹೆಂಡತಿಗೆ ಎರಡನೇ ಕೆಲಸ ಸಿಕ್ಕಿತು. ಅವಳು ಬೆರಳುದ್ದದ ಚೀಟಿ ಮಾಡಿದಳು. ದಿನ, ಹೊತ್ತು, ಸ್ಥಳ. ಕಾರ್ಯದರ್ಶಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಕ್ಕ, ಇದ್ರಗೆ ಯಾರ್ ಹೆಸ್ರೂ ಇಲ್ಯಲೆ" ಎಂದ.

ಬರಿಯ ಚೀಟಿ ಅಂಟಿಸಿದರೆ ಯಾರು ಅಂಟಿಸಿದ್ದು ಎಂದು ಜನರಿಗೆ ಗೊತ್ತಾಗುವುದು ಹೇಗೆ? ಅಧ್ಯಕ್ಷರ ಹೆಸರು ಬಂತು. ಅವರದು ಬಂದ ಮೇಲೆ ಮುಂಬೈಯವರದು ಬಿಡುವಂತಿಲ್ಲ. ಅವರದು ಬಂದ ಮೇಲೆ ಜಾಗ ಕೊಟ್ಟವರ ಮೊಮ್ಮಗನದು. ಸಂಜೆಯಾಗುವಾಗ ಚೀಟಿ ಅಂಗೈಯಗಲವಾಗಿತ್ತು, ಹೆಸರುಗಳಿಂದ ತುಂಬಿತ್ತು. ದಿನ ಚೀಟಿಯ ಹಿಂಬದಿಗೆ ಹೋಯಿತು.

ಗಮ್ ಹಚ್ಚಿದ್ದೂ ಹಿಂಬದಿಗೇ.

ಕೊನೆಗೆ ಒಂದು ರಿಕ್ಷಾಕ್ಕೆ ಮೈಕು ಕಟ್ಟಿ ಕೂಗಿಸಿದರು. ಕೂಗುವವನಿಗೆ ಹಾಳೆ ಟೈಪ್ ಮಾಡಿಕೊಟ್ಟದ್ದು ಹೆಂಡತಿಯೇ. ಮೂರನೇ ಕೆಲಸ. ಸಮಿತಿ ಹೇಳಿದ ಹಾಗೆ ಮೊದಲು ಹೆಸರುಗಳು, ಆಮೇಲೆ ದಿನ. ರಿಕ್ಷಾ ನಮ್ಮ ಊರಿನ ಈ ತುದಿಯಿಂದ ಹೊರಟು ಆ ತುದಿ ದಾಟುವಾಗ ಇನ್ನೂ ಉಪಾಧ್ಯಕ್ಷರು ನಡೆಯುತ್ತಿದ್ದರು. ದಿನ ಕೂಗಿದ್ದು ಪಕ್ಕದ ಊರಿನಲ್ಲಿ.

ಕಾರ್ಯಕ್ರಮಕ್ಕೆ ಜನ ತುಂಬಿದ್ದರು. ಎಲ್ಲ ಪಕ್ಕದ ಊರಿನವರು. ಸಮಿತಿ ಮೂರು ಕೆಲಸದ ದುಡ್ಡನ್ನೂ ಕೊಟ್ಟಿತು. ಅಂಗಡಿ ಮುಚ್ಚಲಿಲ್ಲ.